ಭೂತಬಂಗಲೆ ಲೇಖಕಿಯ ಮನೆಗೆಲಸದ ಬರಹಗಳು

ಭೂತಬಂಗಲೆ ಕಾದಂಬರಿಗಳನ್ನು ಮೊದಲಿಗೆ ಬರೆದ ಹಳೆಯ ಕಾಲದ ಲೇಖಕಿಯೊಬ್ಬಳ ಬಗ್ಗೆ ಕಾಲೇಜಿನ ಸಾಹಿತ್ಯ ವಿಭಾಗದ ಮುಖ್ಯಸ್ಥರು ಪತ್ರಿಕೆಯವರಿಗೆಲ್ಲ ಹೇಳಿಬಿಟ್ಟಿದ್ದರು: "ಆಕೆಯ ಯಾರೂ ಕಾಣದ ಬರಹಗಳು ಸಿಕ್ಕಿವೆ. ಕಾದಂಬರಿಗಳಿಗಿಂತ ಭೀಕರ!" ಓದಿ ಹೇಳಿದ್ದಲ್ಲ. ಹೇಳುವ ಕೆಲಸ ಅವರದು, ಓದುವ ಕೆಲಸ ಕಿರಿಯ ಉಪನ್ಯಾಸಕಿಯದು.

ಉಪನ್ಯಾಸಕಿ ಗ್ರಂಥಾಲಯದ ಮೂಲೆಯಲ್ಲಿ, ಮೂಗಿಗೆ ಕರವಸ್ತ್ರ ಹಿಡಿದು, ಹಳೆಯ ಮಹಿಳಾ ಮಾಸಿಕಗಳನ್ನು ತಿರುವಿದಳು. ಕಾದಂಬರಿಗಳಲ್ಲಿ ಬಾಗಿಲು ಕಿರುಗುಟ್ಟಿಸಿ ಓದುಗರ ನಿದ್ದೆ ಕೆಡಿಸಿದವಳು ಇಲ್ಲಿ ಬಾಗಿಲ ಕೀಲುಗಳಿಗೆ ಎಣ್ಣೆ ಬಿಡುವುದನ್ನು ಕಲಿಸಿದ್ದಳು. ಗೋಡೆಯ ತೇವಕ್ಕೆ ಸುಣ್ಣ. ಮುಗ್ಗಲು ವಾಸನೆಗೆ ತೆರೆದ ಕಿಟಕಿ. ಅಟ್ಟದಲ್ಲಿ ಸದ್ದಾದರೆ ಇಲಿಬೋನು. ಭೂತದ ಸುಳಿವೇ ಇಲ್ಲ.

ಉಪನ್ಯಾಸಕಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮುಖ್ಯಸ್ಥರ ಮಾತನ್ನು ಸುಳ್ಳು ಮಾಡಿದರೆ ಆಗುವ ಹಾಗೂ ಇರಲಿಲ್ಲ.

"ಹೆದರಿಕೆದು ನಾಲ್ಕು ಸಾಲು ನೀನೇ ಸೇರಿಸ್ಬಿಡೇ," ಎಂದಳು ಮನೆಯಲ್ಲಿ ಅಕ್ಕ. "ಸತ್ತೋಳು ಬಂದು ಕೇಳ್ತಾಳಾ?"

"ಅವಳ ಕಾದಂಬರೀಲಿ ಬಂದು ಕೇಳ್ತಾರಲ್ಲಕ್ಕ."

ಸುಳ್ಳು ಹೇಳುವುದಕ್ಕಿಂತ ಸಿಕ್ಕಿಬೀಳುವುದಕ್ಕೆ ಹೆಚ್ಚು ಹೆದರುವ ಜೀವ ಅದು. ಉಗುರು ಕಚ್ಚಿ ಕಚ್ಚಿ, ಕೊನೆಗೆ ವಿಚಾರಸಂಕಿರಣದಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದಳು.

"ತೇವವು ಮೊದಲು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಲಕ್ಷ್ಯ ಮಾಡಿದರೆ ಮನೆಯನ್ನೆಲ್ಲ ತಿನ್ನುತ್ತದೆ."

ಮುಂದಿನ ಸಾಲಿನ ವಿಮರ್ಶಕರು ಶಾಲು ಬಿಗಿದುಕೊಂಡರು.

"ಹಿಡಿದ ಇಲಿಯನ್ನು ದೂರ ಬಿಡಿ. ಹತ್ತಿರ ಬಿಟ್ಟರೆ ಮರಳಿ ಬರುತ್ತದೆ."

"ಅಯ್ಯೋ!" ಎಂದಿತು ಹಿಂದಿನಿಂದ ಒಂದು ದನಿ.

ಉಪನ್ಯಾಸಕಿಗೆ ಗಾಬರಿಯಾಯಿತು. "ಸಾರ್, ಇದು ಬರೀ ಮನೆ ಚೊಕ್ಕಟವಾಗಿ ಇಡೋ ವಿಷಯ. ಭೂತ ಇಲ್ಲವೇ ಇಲ್ಲ."

ಮುಖ್ಯಸ್ಥರು ಎದ್ದೇ ನಿಂತರು. "ಕೇಳಿದ್ರಾ? ಭೂತ ಇಲ್ಲವೇ ಇಲ್ಲ! ಇದಕ್ಕಿಂತ ಭಯಾನಕ ಇನ್ನೇನಿದೆ?"

"ಇಲಿ ಅಂದ್ರೆ ಇಲೀನೇ ಸಾರ್..."

"ಅಬ್ಬಬ್ಬಾ! ಎಷ್ಟು ತಣ್ಣಗೆ ಹೇಳ್ತಾರೆ ನೋಡಿ ನಮ್ಮ ಮೇಡಂ!"

ಸಭಾಂಗಣದ ಛಾವಣಿ ಹಾರಿಹೋಗುವಂಥ ಚಪ್ಪಾಳೆ. ಅವಳು ಇನ್ನೂ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಜನ ಬೆಚ್ಚಿದರು.

ಕೆಲಸ ಖಾಯಂ ಆಯಿತು. ಅಕ್ಕ ಬೀದಿಗೆಲ್ಲ ಸಿಹಿ ಹಂಚಿದಳು. ಆದೇಶದ ಜೊತೆಗೇ ಹೊಸ ವಿಷಯವೂ ಮಂಜೂರಾಗಿತ್ತು: 'ಇಲಿಬೋನಿನ ಭೀಕರತೆ'. ನಿವೃತ್ತಿಯಾಗುವ ತನಕ ವರ್ಷವರ್ಷವೂ ಅವಳೇ ಕಲಿಸಬೇಕು, ಉತ್ತರಪತ್ರಿಕೆಗಳನ್ನೂ ಅವಳೇ ತಿದ್ದಬೇಕು.

ಆ ಲೇಖಕಿಯ ಒಂದು ಕಾದಂಬರಿಗೂ ಹೆದರದವಳು ಈಗ ದೀಪ ಆರಿಸದೆ ಮಲಗುತ್ತಾಳೆ.