ಹಂಚಿನ ಕಾರ್ಖಾನೆಯ ಚಿಮಣಿ

ಶಿವಲಿಂಗಪ್ಪ ಗದಗ ಕಡೆಯವರು. ನೌಕಾಪಡೆಯಲ್ಲಿ ಚೀಫ್ ಪೆಟಿ ಆಫೀಸರ್ ಆಗಿ ನಿವೃತ್ತರಾದ ಮೇಲೂ ವಿಶಾಖಪಟ್ಟಣ ಬಿಟ್ಟು ಹೋಗಲಿಲ್ಲ. ಹಳೆಯ ಹಡಗುಗಳನ್ನು ಒಡೆಸಿದ ಅನುಭವ ಅವರಿಗಿತ್ತು. ಹಾಗಾಗಿ ವಿಜಯವಾಡದ ಗುತ್ತಿಗೆದಾರ ಸೂರ್ಯಪ್ರಕಾಶ ರಾವ್, ದೊಡ್ಡ ಕಟ್ಟಡ ಕೆಡವುವಾಗಲೆಲ್ಲ ಮೇಲ್ವಿಚಾರಣೆಗೆ ಅವರನ್ನು ಕರೆಸಿಕೊಳ್ಳುತ್ತಿದ್ದ.

೧೯೮೭ರ ಫೆಬ್ರವರಿಯಲ್ಲಿ ಕರೆಸಿಕೊಂಡದ್ದು ಆಟೋನಗರ್ ಪಕ್ಕದಲ್ಲಿ ಮುಚ್ಚಿಹೋಗಿದ್ದ ಒಂದು ಹಂಚಿನ ಕಾರ್ಖಾನೆಯ ಚಿಮಣಿ ಉರುಳಿಸಲು. ನೂರಿಪ್ಪತ್ತು ಅಡಿಯ ಇಟ್ಟಿಗೆ ಚಿಮಣಿ ಅದು. ಮದ್ದು ಸಿಡಿಸಲು ಪರವಾನಗಿ ಸಿಗಲಿಲ್ಲ. ಮೇಲಿನಿಂದ ಒಂದೊಂದೇ ಇಟ್ಟಿಗೆ ಕಿತ್ತರೆ ಮೂರು ತಿಂಗಳು ಬೇಕು. ಉಳಿದದ್ದು ಕಾಮೇಶ್ವರನ ದಾರಿ.

ಕಾಮೇಶ್ವರ ಚಿಮಣಿ ಹತ್ತಿಯೇ ಬದುಕಿದವನು. ಹನ್ನೊಂದು ಚಿಮಣಿಗಳನ್ನು ಬೆಂಕಿಯಿಂದಲೇ ಬೀಳಿಸಿದ್ದ. ಬೀಳಬೇಕಾದ ಕಡೆ ಬುಡದ ಇಟ್ಟಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿದು, ಕಡಿದಲ್ಲೆಲ್ಲ ಸರ್ವೆ ಮರದ ಗೂಟ ಕೊಡುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಬುಡ ಗೂಟಗಳ ಮೇಲೆ ನಿಂತಾಗ, ಹಳೆ ಟೈರು ತುಂಬಿ, ಎಣ್ಣೆ ಸುರಿದು ಬೆಂಕಿ ಇಡುತ್ತಿದ್ದ. ಗೂಟ ಸುಟ್ಟುಹೋದರೆ ಚಿಮಣಿ ಆ ಕಡೆಗೇ ಬಾಗಿ ಬೀಳುತ್ತದೆ. ಹಿಂಬದಿಯ ಗೋಡೆಗೆ ಒಂದು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿರುತ್ತಿದ್ದ. ಗೋಡೆ ಕೂದಲೆಳೆಯಷ್ಟು ಬಾಯಿಬಿಟ್ಟರೂ ಗಾಜು ಒಡೆಯುತ್ತದೆ. ಒಡೆದರೆ ಓಡಬೇಕು.

ಅವತ್ತು ರಸ್ತೆಯನ್ನು ನಾಲ್ಕು ಗಂಟೆಯವರೆಗೆ ಪೊಲೀಸರು ಮುಚ್ಚಿದ್ದರು. ಆಟೋನಗರದ ಮೆಕ್ಯಾನಿಕ್‌ಗಳೆಲ್ಲ ಕೆಲಸ ಬಿಟ್ಟು ಬಂದು ಕಾಂಪೌಂಡ್ ಮೇಲೆ ಕೂತಿದ್ದರು. ಎರಡಕ್ಕೆ ಬೆಂಕಿ ಇಟ್ಟರು. ಮೂರರ ಹೊತ್ತಿಗೆ ಬಹುತೇಕ ಗೂಟಗಳು ಸುಟ್ಟುಹೋದವು. ಗಾಜೂ ಒಡೆಯಿತು. ಆದರೆ ಚಿಮಣಿ ಬೀಳಲಿಲ್ಲ. ಒಂದು ಮೂಲೆಯಲ್ಲಿ ಅರೆಬೆಂದ ಎರಡು ಗೂಟ ಅದನ್ನು ಹಿಡಿದು ನಿಂತಿದ್ದವು.

ಕಾಂಪೌಂಡ್ ಮೇಲಿನವರು ಸಿಳ್ಳೆ ಹಾಕಿದರು. ನೇವಿಯವರ ಮದ್ದು ನೆನೆದಿದೆ ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

"ಎರಡು ದಿನ ಬಿಟ್ಟುಬಿಡಿ, ಚೀಫ್ ಗಾರು. ತಾನಾಗಿಯೇ ಬೀಳುತ್ತದೆ. ಹತ್ತಿರ ಮಾತ್ರ ಯಾರೂ ಹೋಗಬಾರದು," ಎಂದ ಕಾಮೇಶ್ವರ.

ಅದು ಸರಿ ಎಂದು ಶಿವಲಿಂಗಪ್ಪನವರಿಗೂ ಗೊತ್ತಿತ್ತು. ಆದರೆ ಆ ನಗು ಅವರ ಕಿವಿಯಲ್ಲಿತ್ತು. ಇವತ್ತೇ ಬೀಳಿಸುತ್ತೇನೆ ಎಂದು ಬೆಳಿಗ್ಗೆ ಎಲ್ಲರೆದುರು ಹೇಳಿಯೂ ಆಗಿತ್ತು. ಕಾಮೇಶ್ವರನ ಕಡೆ ತಿರುಗಿ, ತೆಲುಗಿನಲ್ಲಿ ಒಂದೇ ಮಾತು ಕೇಳಿದರು.

"ಭಯಮಾ?"

ಕಾಮೇಶ್ವರ ಉದ್ದ ಹಿಡಿಯ ಸುತ್ತಿಗೆ ಎತ್ತಿಕೊಂಡು ನಡೆದ. ಶಿವಲಿಂಗಪ್ಪ ತಡೆಯಲಿಲ್ಲ. ಎರಡನೆಯ ಏಟಿಗೆ ಗೂಟ ಹಾರಿತು. ಚಿಮಣಿ ಬೀಳಬೇಕಾದ ಕಡೆಗೇ ಬಾಗಿತು, ಕಾಮೇಶ್ವರ ಅದರ ಬೆನ್ನ ಕಡೆಗೆ ಓಡಿದ. ಆದರೆ ಚಿಮಣಿ ನಡುವೆಯೇ ಮುರಿದು, ಮೇಲಿನ ಭಾಗ ನೇರ ಕೆಳಗೆ ಕುಸಿಯಿತು. ಧೂಳು ಇಳಿದಾಗ ಅವನ ಬಲಗಾಲು ಇಟ್ಟಿಗೆಯ ರಾಶಿಯ ಕೆಳಗಿತ್ತು. ಆಸ್ಪತ್ರೆಯಲ್ಲಿ ಅದನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು.

ಮೂರನೇ ದಿನ ವಿಚಾರಣೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದ. ಅದಕ್ಕೆ ಮೊದಲೇ ಸೂರ್ಯಪ್ರಕಾಶ ರಾವ್ ಹೇಳಿದ್ದ: "ನೀವು ಕಳಿಸಿದಿರಿ ಅಂದರೆ ನೀವೂ ಸಿಕ್ಕಿಬೀಳುತ್ತೀರಿ, ನಾನೂ ಸಿಕ್ಕಿಬೀಳುತ್ತೇನೆ. ಅವನಾಗಿಯೇ ಹೋದ ಅನ್ನಿ." ಶಿವಲಿಂಗಪ್ಪ ಒಳ್ಳೆಯ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದರು. ತಾನು ಬೇಡವೆಂದರೂ ಕೆಲಸಗಾರ ಮಾತು ಕೇಳದೆ ಹೋದ ಎಂದು. ಸಹಿ ಹಾಕಿ, ಆಸ್ಪತ್ರೆಯ ಕಡೆ ಹೋಗದೆ, ರೈಲು ಹತ್ತಿದರು.

ಆಮೇಲೆ ಅವರು ಕೆಡವುವ ಕೆಲಸಕ್ಕೆ ಹೋಗಲಿಲ್ಲ. ವಿಶಾಖಪಟ್ಟಣದ ಮೀನುಗಾರರ ಬಂದರಿನಲ್ಲಿ ದೋಣಿ ರಿಪೇರಿಯ ಶೆಡ್ ಒಂದರಲ್ಲಿ ಸೇರಿಕೊಂಡರು. ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ರೈಲು ವಿಜಯವಾಡದಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು. ಅಷ್ಟು ಹೊತ್ತೂ ಅವರು ಕಿಟಕಿಯ ಶಟರ್ ಇಳಿಸಿ ಕೂರುತ್ತಿದ್ದರು.

೧೯೯೪ರ ಮೇ ತಿಂಗಳಲ್ಲಿ ಹೆಂಡತಿ ಮಂಗಳಾಗೌರಿ ಕೇಳಿಯೇಬಿಟ್ಟರು.

"ಪ್ರತಿ ಸಲ ವಿಜಯವಾಡ ಬಂದ್ರ ಯಾಕ ಶಟರ್ ಹಾಕ್ತೀರಿ? ಈ ಶಕಿ ಒಳಗ ಜೀವ ಹೋಗ್ತದ."

ಶಿವಲಿಂಗಪ್ಪ ಹೇಳಿದರು. ಏಳು ವರ್ಷದಲ್ಲಿ ಮೊದಲ ಸಲ, ಆ ಒಂದು ಮಾತನ್ನೂ ಮೂರು ಸಾಲನ್ನೂ ಸೇರಿಸಿ ಎಲ್ಲವನ್ನೂ ಹೇಳಿದರು. ಮಂಗಳಾಗೌರಿ ಕೈಚಾಚಿ ಶಟರ್ ಎತ್ತಿದರು.

"ಅವ್ರ ಕಾಲು ಹೋದದ್ದಷ್ಟ ಗೊತ್ತಿತ್ತು ನನಗ. ನೀವು ಅವ್ರ ಮನಿಗೆ ಹೋಗಿ ಮಾತಾಡ್ಸಿ ಬಂದೀರಿ ಅಂತ ತಿಳ್ಕೊಂಡಿದ್ದೆ ನಾ. ಇಳೀರಿ."

"ಸಾಮಾನು ಅದಾವ. ನೀ ಒಬ್ಬಾಕಿ ಹೆಂಗ—"

"ಗದಗಿನ ತನಕ ನಾ ಹೋಗ್ತೀನಿ. ನೀವು ಇಳೀರಿ."

ಕಾಮೇಶ್ವರ ಆಟೋನಗರದಲ್ಲೇ ಸಿಕ್ಕಿದ. ಒಂದು ಅಂಗಡಿಯ ಮುಂದೆ ಕೂತು ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಕೂದಲು ಪೂರ್ತಿ ನರೆತಿತ್ತು. ಪಕ್ಕದಲ್ಲಿ ಹೆಂಡತಿ ಭ್ರಮರಾಂಬ ಊಟದ ಕ್ಯಾರಿಯರ್ ಬಿಚ್ಚುತ್ತಿದ್ದಳು. ಶಿವಲಿಂಗಪ್ಪನವರನ್ನು ನೋಡಿ ಅವಳು ಎದ್ದು ಒಳಗೆ ಹೋದಳು.

"ಕೂತುಕೊಳ್ಳಿ, ಚೀಫ್ ಗಾರು," ಎಂದ ಕಾಮೇಶ್ವರ.

ಶಿವಲಿಂಗಪ್ಪ ನಿಂತೇ ಹೇಳಿದರು, "ನಾನು ಸುಳ್ಳು ಬರೆದೆ."

"ಗೊತ್ತು. ಆ ಕಾಗದದ ನಕಲು ಆಸ್ಪತ್ರೆಗೇ ಬಂತು, ಅಲ್ಲಿದ್ದ ಮೇಷ್ಟ್ರೊಬ್ಬರು ಓದಿ ಹೇಳಿದರು." ಅವನು ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಕೆಲಸ ನಿಲ್ಲಿಸಿದ. "ನೀವು ಭಯಮಾ ಅಂದಿರಿ. ನನಗೆ ನಿಜಕ್ಕೂ ಭಯವಾಗಿತ್ತು. ಹೌದು ಅನ್ನಬೇಕಿತ್ತು, ಅನ್ನಲಿಲ್ಲ. ಅದು ನನ್ನ ತಪ್ಪು. ಕಾಲಿನ ಲೆಕ್ಕ ನಾನು ನಿಮ್ಮ ಮೇಲೆ ಹಾಕಿಲ್ಲ."

"ಮತ್ತೆ?"

"ಕಾಲು ಹೋದರೂ ಕಣ್ಣಿತ್ತು. ಎಲ್ಲಿ ಕಡಿಯಬೇಕು, ಎಷ್ಟು ಕಡಿಯಬೇಕು, ನೆಲದ ಮೇಲೆ ಕೂತೇ ಹೇಳಬಲ್ಲವನಾಗಿದ್ದೆ. ಮಾತು ಕೇಳದವನು ಅಂತ ಕಾಗದದಲ್ಲಿ ಬಂತು. ಆಮೇಲೆ ಒಬ್ಬ ಗುತ್ತಿಗೆದಾರನೂ ಕರೆಯಲಿಲ್ಲ. ನೀವು ಮಾರನೇ ದಿನ ಬಂದು ಸರಿಮಾಡುತ್ತೀರಿ ಅಂದುಕೊಂಡೆ. ಆಮೇಲೆ ಮುಂದಿನ ವಾರ ಅಂದುಕೊಂಡೆ. ಆಮೇಲೆ ಬಿಟ್ಟೆ."

ಶಿವಲಿಂಗಪ್ಪ ಅಂದೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು. ಆ ಫೈಲು ಎಂದೋ ಮುಚ್ಚಿದೆ, ಸೂರ್ಯಪ್ರಕಾಶ ರಾವ್ ತೀರಿಕೊಂಡು ಎರಡು ವರ್ಷವಾಯಿತು ಎಂದರು ಅಲ್ಲಿಯ ಗುಮಾಸ್ತರು. ಆದರೂ ಒಂದು ಹಾಳೆ ಕೇಳಿ ಪಡೆದು, ನಡೆದದ್ದನ್ನು ಬರೆದು, ಸಹಿ ಹಾಕಿ ಕೊಟ್ಟರು. ಸಂಜೆ ಆಟೋನಗರಕ್ಕೆ ಮರಳಿ, ಟೀ ಅಂಗಡಿಯಲ್ಲಿದ್ದ ಮೆಕ್ಯಾನಿಕ್‌ಗಳ ಮುಂದೆ ತಮ್ಮ ಮುರುಕು ತೆಲುಗಿನಲ್ಲಿ ಅದನ್ನೇ ಹೇಳಿದರು. ಕೆಲವರಿಗೆ ಆ ದಿನ ನೆನಪಿತ್ತು. ಹುಡುಗರಿಗೆ ಅಲ್ಲೊಂದು ಚಿಮಣಿ ಇದ್ದದ್ದೇ ಗೊತ್ತಿರಲಿಲ್ಲ. ಕಾಮೇಶ್ವರ ಕೆಲಸದಿಂದ ತಲೆ ಎತ್ತಲಿಲ್ಲ.

ಮರುವರ್ಷ ಅನಕಾಪಲ್ಲಿಯ ಹತ್ತಿರ ಹಳೆಯ ಗಿರಣಿಯೊಂದರ ಚಿಮಣಿ ಕೆಡವಲು ಗುತ್ತಿಗೆದಾರನೊಬ್ಬ ಶಿವಲಿಂಗಪ್ಪನವರನ್ನು ಹುಡುಕಿಕೊಂಡು ಬಂದ. ತಮಗಿಂತ ಚೆನ್ನಾಗಿ ಬಲ್ಲವನಿದ್ದಾನೆ, ಕಾರಿನಲ್ಲಿ ಕರೆತಂದು ಕೂರಿಸಿ, ಅವನು ಹೇಳಿದಂತೆ ಮಾಡಿ ಎಂದರು ಇವರು. ಗುತ್ತಿಗೆದಾರ ಒಪ್ಪಿದ. ಅಂದೇ ಕಾಮೇಶ್ವರನಿಗೆ ಪತ್ರ ಹಾಕಿದರು.

ಹತ್ತು ದಿನಕ್ಕೆ ಒಂದು ಕಾರ್ಡು ಬಂತು. ಭ್ರಮರಾಂಬ ತೆಲುಗಿನಲ್ಲಿ ಬರೆದಿದ್ದಳು. ಮಗಳು ಗಿರಿಜಾ ಅದನ್ನು ಓದಿ ತಂದೆಗೆ ಕನ್ನಡದಲ್ಲಿ ಹೇಳಿದಳು.

"ಕಾಮೇಶ್ವರ ಅವರ ಎರಡೂ ಕಣ್ಣಿಗೆ ಪೊರೆ ಬಂದು, ಆಪರೇಷನ್ ಮಾಡ್ಸಿದ್ರೂ ದೃಷ್ಟಿ ಬರಲಿಲ್ಲಂತ, ಅಪ್ಪಾ. ಎತ್ತರದ್ದು ಏನೂ ಸರಿಯಾಗಿ ಕಾಣ್ಸೂದಿಲ್ಲಂತ. ಎರಡು ವರ್ಷದ ಹಿಂದ ಕರದಿದ್ರ ಖುಷಿಯಿಂದ ಬರ್ತಿದ್ರು ಅಂತ ಬರದಾರ."

ಶಿವಲಿಂಗಪ್ಪ ಕಾರ್ಡನ್ನು ಕೈಗೆ ತೆಗೆದುಕೊಂಡು, ತಮಗೆ ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡುತ್ತ ಕೂತರು.