ಹನ್ನೊಂದು ಸೆಕೆಂಡಿನ ಭಾರ

ಆ ಶುಕ್ರವಾರ ಕೊಕ್ಕರ್ಣೆಯ ಬೈಲಿನಲ್ಲಿ ಮಂಜು ಎಂಟು ಗಂಟೆಗೇ ಕರಗಿತ್ತು. ಕೊಯ್ದ ಗದ್ದೆಯ ಕೂಳೆಗಳ ಮೇಲೆ ಇಬ್ಬನಿ ಇನ್ನೂ ಕೂತಿತ್ತು. ಸೂರ್ಯ ಮೂಡುದಿಕ್ಕಿನ ತೆಂಗಿನ ತಲೆಗಳ ನಡುವಿನಿಂದ ನೇರವಾಗಿ ಕಣ್ಣಿಗೇ ಹೊಡೆಯುತ್ತಿದ್ದ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಾಳಿ ಇರಲಿಲ್ಲ ಎಂಬುದನ್ನು ನೀವು ನೆನಪಿಟ್ಟುಕೊಳ್ಳಿ. ರತ್ನಾಕರ ಶೆಟ್ರು ಅದನ್ನು ವಾರವಿಡೀ ಮರೆತಿದ್ದರು.

ಶೆಟ್ರು ಮುಂಬಯಿಯ ಕ್ಯಾಂಟೀನೊಂದರಲ್ಲಿ ಮೂವತ್ತೆರಡು ವರ್ಷ ಇಡ್ಲಿ ಬೇಯಿಸಿ, ಊರಿಗೆ ಮರಳಿ, ಅರವತ್ತೊಂದರ ವಯಸ್ಸಿನಲ್ಲಿ ಆಟದ ವಿಮಾನ ಹಾರಿಸಲು ಕಲಿತವರು. ಥರ್ಮೊಕೋಲಿನ ಮೈ, ನಾಲ್ಕಡಿ ರೆಕ್ಕೆ, ಮೂಗಿನಲ್ಲಿ ಬ್ಯಾಟರಿಯ ಮೋಟಾರು. ಹಾರಿಸಲು ಗದ್ದೆ ಕೊಟ್ಟವರು ನೆರೆಮನೆಯ ಉಮಾವತಿ ಶೆಡ್ತಿ. ಅವರದು ಒಂದೇ ಶರತ್ತು.

“ಗದ್ದಿ ಮೇಲ್ ಎಷ್ಟ್ ಬೇಕಾರೂ ಹಾರ್ಸಿ. ಮನಿ ಬದಿಗ್ ಬಪ್ಪುಕಾಗ. ಅಂಗಳ್ದಗೆ ಅಮ್ಮನ ಗುಡಿ ಇತ್ತ್.”

“ಅಮ್ಮನಾಣೆ ಉಮಕ್ಕ, ಬತ್ತಿಲ್ಲೆ,” ಎಂದಿದ್ದರು ಶೆಟ್ರು.

ವಿಮಾನ ಏರುವ ಎತ್ತರದ ಬಗ್ಗೆ ಶೆಟ್ರು ಹೇಳುವುದನ್ನು ಊರೆಲ್ಲ ನಂಬುತ್ತಿತ್ತು, ಪಂಪ್‌ಸೆಟ್ ರಿಪೇರಿಯ ಗುಣಪಾಲನೊಬ್ಬನನ್ನು ಬಿಟ್ಟು. “ತೆಂಗಿನ ಮರದ ನಾಲ್ಕ್ ಪಾಲ್ ಎತ್ರ ಹೋಯ್ತ್” ಎಂದರೆ “ಮರ ಸಣ್ಣದಿರ್ಕ್” ಎನ್ನುವ ಮನುಷ್ಯ ಅವನು. ಅವನ ಬಾಯಿ ಮುಚ್ಚಿಸಲೆಂದೇ ಶೆಟ್ರು ಒಂದು ಮೀಟರನ್ನೂ ಒಂದು ಲಾಗರನ್ನೂ ತರಿಸಿದರು. ಲಾಗರ್ ಅರ್ಧ ಬೆಂಕಿಪೆಟ್ಟಿಗೆಯಷ್ಟಿದೆ. ವಿಮಾನದ ಹೊಟ್ಟೆಯೊಳಗೆ ಕೂತು, ಏರಿದ ಎತ್ತರವನ್ನೂ ಮೋಟಾರು ಎಳೆದ ಕರೆಂಟನ್ನೂ ಕ್ಷಣಕ್ಷಣಕ್ಕೆ ಬರೆದುಕೊಳ್ಳುತ್ತದೆ. ಇಳಿದ ಮೇಲೆ ಅದನ್ನು ಅಂಗೈಯಗಲದ ಮೀಟರಿಗೆ ಸಿಕ್ಕಿಸಿದರೆ, ಬರೆದದ್ದೆಲ್ಲ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ದೇವರ ಎದುರು ನಿಂತಷ್ಟೇ ನಾಚಿಕೆಯಾಗಬೇಕಾದ ಯಂತ್ರ. ಶೆಟ್ರಿಗೆ ಅದು ಆಗ ಗೊತ್ತಿರಲಿಲ್ಲ.

ಆ ಬೆಳಿಗ್ಗೆ ಬಿಸಿಲಿಗೆ ಎದುರಾಗಿ ಹೋಗುತ್ತಿದ್ದ ವಿಮಾನ ಕಣ್ಣಿಗೆ ಬರೀ ಕಪ್ಪು ಚುಕ್ಕೆಯಾಗಿ, ಇದ್ದಕ್ಕಿದ್ದಂತೆ ತೂಕ ಬಂದ ಹಾಗೆ ಬಾಗಿತು. ಶೆಟ್ರು ರಿಮೋಟಿನಲ್ಲಿ ಪೂರ್ತಿ ಜೋರು ಕೊಟ್ಟರು. ಅದು ತೂರಾಡುತ್ತ ಏರಿತು, ಆಮೇಲೆ ಒಮ್ಮೆಗೇ ಹಗುರಾಗಿ ಚಿಮ್ಮಿತು. ಇಳಿಸುವಾಗ ಶೆಟ್ರ ಬನಿಯನ್ ಒದ್ದೆಯಾಗಿತ್ತು, ಎದೆ ಉಬ್ಬಿತ್ತು.

“ರಾಕ್ಷಸ ಗಾಳಿ ಮಾರಾಯ್ರೆ! ಹಿಡ್ಕಂಡ್ ಎಳ್ದಿತ್. ನಾನ್ ಬಿಡ್ಲಿಲ್ಲ.”

ಈ ಗಾಳಿ ಶನಿವಾರ ಬ್ರಹ್ಮಾವರದ ಬಸ್ಸಿನಲ್ಲಿ ಬೀಸಿತು. ಸೋಮವಾರ ಕೋಟೇಶ್ವರದ ಮದುವೆ ಊಟದ ಪಂಕ್ತಿಯಲ್ಲಿ ಬೀಸಿತು. ಬುಧವಾರದ ಹೊತ್ತಿಗೆ ಸುಂಟರಗಾಳಿಯಾಯಿತು. ಸಾಹಸದ ದಾಖಲೆ ಅಳಿಯಬಾರದೆಂದು ಶೆಟ್ರು ಮತ್ತೆ ವಿಮಾನವನ್ನೇ ಹಾರಿಸಲಿಲ್ಲ.

ಅದೇ ಶುಕ್ರವಾರ ಉಮಕ್ಕನ ಅಂಗಳದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಅಮ್ಮನಿಗೆ ಉಡಿಸುವ ಕೆಂಪು ರೇಷ್ಮೆಯ ಸಣ್ಣ ಪಟ್ಟೆಯನ್ನು ಉಮಕ್ಕ ಮಡಿಯಲ್ಲಿ ಒಗೆದು ಹಿಂಡಿ, ಯಾರ ಮೈಯೂ ತಾಗಬಾರದೆಂದು ಕೋಲಿನಿಂದ ಎತ್ತಿ, ಎತ್ತರದ ಬಿದಿರಗಳುವಿನ ಮೇಲೆ ಒಣಹಾಕಿದ್ದರು. ಒಳಗೆ ಹೋಗಿ ದೀಪ ತೊಳೆದು ಬರುವಷ್ಟರಲ್ಲಿ ಪಟ್ಟೆ ಇರಲಿಲ್ಲ. ಅಂಗಳದಲ್ಲಿ ಇದ್ದವಳು ರಾಜೀವಿ ಒಬ್ಬಳೇ. ತೋಡಿನಾಚೆಯ ಮನೆಯ ರಾಜೀವಿ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಶುಕ್ರವಾರ ಬಂದು ಅಮ್ಮನಿಗೆ ಅಬ್ಬಲಿಗೆ ಮಾಲೆ ಕಟ್ಟುವವಳು. ಅವಳು ತಲೆ ತಗ್ಗಿಸಿ ಹೂವು ಕಟ್ಟುತ್ತಿದ್ದಳು, ಏನನ್ನೂ ಕಂಡಿರಲಿಲ್ಲ. ಅವಳು ಕೈ ಎತ್ತಿದರೂ ಆ ಗಳು ಎರಡು ಮೊಳ ಮೇಲಿತ್ತು. ಅದು ಉಮಕ್ಕನಿಗೆ ಹೊಳೆಯಲಿಲ್ಲ. ರಾಜೀವಿ ಹೇಳಲೂ ಇಲ್ಲ.

ಉಮಕ್ಕ ಕಳ್ಳಿ ಎನ್ನಲಿಲ್ಲ. “ಬಪ್ಪ ವಾರ ಹೂಂಗ್ ನಾನೇ ಕಟ್ತೆ,” ಎಂದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಮುಂದಿನ ಶುಕ್ರವಾರ ಬೆಳಿಗ್ಗೆ ಶೆಟ್ರು ಲಾಗರನ್ನೂ ಮೀಟರನ್ನೂ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಗುಣಪಾಲನ ಶೆಡ್ಡಿಗೆ ಹೋದರು.

“ಹ್ವಾಯ್ ಗುಣಪಾಲ, ಕಾಣ್. ಗಾಳಿ ಹ್ಯಾಂಗಿತ್ತ್ ಅಂದ್ ನೀನೇ ಹೇಳ್.”

ಗುಣಪಾಲ ಗ್ರೀಸಿನ ಕೈ ಒರೆಸಿಕೊಂಡು ಗೆರೆಯನ್ನು ನೋಡಿದ. “ಎಂಟ್ ನಲ್ವತ್ತೆರಡ್ರ ವರೆಗೆ ಹದ್ನಾಲ್ಕ್ ಆಂಪೇರ್. ಒಮ್ಮೆಗೇ ಇಪ್ಪತ್ತೊಂಬತ್ತ್.”

“ಅದೇ ಗಾಳಿ!”

“ಗಾಳಿ ಆರೆ ಗೆರೆ ಕುಣಿತಿತ್. ಇದ್ ಏರಿ ಅಲ್ಲೇ ಕೂಕಂಡಿತ್ತ್, ಹನ್ನೊಂದ್ ಸೆಕೆಂಡ್. ಮತ್ತ್ ಒಮ್ಮೆಗೇ ಇಳ್ದಿತ್. ಪಂಪಿಗ್ ಕಸ ಸಿಕ್ರೆ ಹೀಂಗೇ ಆತ್ತ್. ನಿಮ್ಮ ವಿಮಾನ ಎಂತದೋ ಎಳ್ಕಂಡ್ ಹೋಯ್ತ್ ಶೆಟ್ರೆ.”

“ಆಕಾಶ್ದಗೆ ಎಂತ ಕಸ ಮಾರಾಯ?”

“ಆಕಾಶ ಅಂದ್ ಯಾರ್ ಹೇಳ್ದ್ರ್? ಆಗ ಎತ್ರ ಕಾಣಿ. ಮೂರ್ ಮೀಟರ್.”

ಶೆಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂರು ಮೂರಾಗಿಯೇ ಇತ್ತು. ಗದ್ದೆಯ ಮೂಡುಬದಿಯಲ್ಲಿ ಮೂರು ಮೀಟರ್ ಎತ್ತರದ ವಸ್ತು ಒಂದೇ: ಉಮಕ್ಕ ಬಟ್ಟೆ ಒಣಹಾಕುವ ಬಿದಿರಗಳು. ಪಟ್ಟೆ ಕಾಣೆಯಾದ ಸುದ್ದಿ ಊರೆಲ್ಲ ಹಬ್ಬಿದ್ದರಿಂದ, ಆ ದಿನ ಅದರ ಮೇಲಿದ್ದದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು.

“ಈ ಗುಂಡಿ ಒತ್ರೆ ಎಲ್ಲ ಅಳ್ದ್ ಹೋತ್ತ್ ಅಲ್ದಾ?” ಶೆಟ್ರು ಮೆಲ್ಲಗೆ ಕೇಳಿದರು.

“ಮೀಟ್ರಿಂದ ಹೋತ್ತ್,” ಎಂದ ಗುಣಪಾಲ. ಮತ್ತೆ ತನ್ನ ಪಂಪಿನ ಕಡೆ ತಿರುಗಿದ.

ಶೆಟ್ರ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಹೇಳಿದರೆ ಗದ್ದೆ ಹೋಯಿತು. ಇಲ್ಲಿಂದ ಬ್ರಹ್ಮಾವರದವರೆಗೆ ಕರೆಂಟಿನ ತಂತಿಯಿಲ್ಲದ ಅಂಥ ಬೈಲು ಇನ್ನೊಂದಿಲ್ಲ. ಜೊತೆಗೆ ಅಮ್ಮನ ಆಣೆ ಬೇರೆ. ಆದರೆ ಬರುವ ದಾರಿಯಲ್ಲಿ ಅವರು ರಾಜೀವಿಯನ್ನು ನೋಡಿದ್ದರು. ಅವಳು ತನ್ನ ಜಗಲಿಯಲ್ಲಿ ಸುಮ್ಮನೆ ಕೂತಿದ್ದಳು. ಬೆರಳುಗಳು ಮಾತ್ರ ಮಡಿಲಲ್ಲಿ ಇಲ್ಲದ ಹೂವನ್ನು ಕಟ್ಟುತ್ತಿದ್ದವು. ಅಮ್ಮ ತನ್ನ ಪಟ್ಟೆಗೆ ಒಂದು ವಾರ ಕಾಯಬಲ್ಲಳು, ಒಂದು ಯುಗವೂ ಕಾಯಬಲ್ಲಳು. ಆ ಬೆರಳುಗಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಶೆಟ್ರು ಹೆಬ್ಬೆರಳು ತೆಗೆದರು.

ಉಮಕ್ಕ ಅಂಗಳದಲ್ಲಿ ಮಾಲೆಯ ಜೊತೆ ಗುದ್ದಾಡುತ್ತಿದ್ದರು. ಮಾಲೆ ಹಗ್ಗದ ಗಂಟಿನ ಹಾಗಿತ್ತು. ಗುಣಪಾಲನನ್ನೂ ಕರೆದುಕೊಂಡು ಬಂದ ಶೆಟ್ರು ಎಲ್ಲವನ್ನೂ ಹೇಳಿ ಮೀಟರನ್ನು ಮುಂದೆ ಹಿಡಿದರು.

“ಈ ಪೆಟ್ಗಿ ಸುಳ್ಳ್ ಹೇಳುದಿಲ್ಯಾ?”

“ಇಲ್ಲೆ ಉಮಕ್ಕ. ಹೇಳುದೆಲ್ಲ ನಾನೇ.”

ಸೆಕೆಂಡಿಗೆ ಹತ್ತು ಮೀಟರಿನ ಹಾಗೆ ಹನ್ನೊಂದು ಸೆಕೆಂಡಿಗೆ ನೂರಹತ್ತು ಎಂದು ಲೆಕ್ಕ ಹಾಕಿ, ಗುಣಪಾಲ ಗಳುವಿನ ಬುಡದಿಂದ ಶೆಟ್ರು ತೋರಿಸಿದ, ವಿಮಾನ ತಿರುಗಿದ ದಿಕ್ಕಿಗೆ ದಾಪುಗಾಲು ಎಣಿಸುತ್ತ ಹೊರಟ. ಹಿಂದೆ ಮೀಟರನ್ನು ಎರಡೂ ಕೈಯಲ್ಲಿ ಹಿಡಿದ ಶೆಟ್ರು, ಅವರ ಹಿಂದೆ ಉಮಕ್ಕ. ಹೆಜ್ಜೆಗಳು ಬೇಲಿ ದಾಟಿದವು, ಶೆಟ್ರ ದನದ ಹಟ್ಟಿ ದಾಟಿದವು, ಶೆಟ್ರದೇ ತೆಂಗಿನ ಮರದ ಬುಡದಲ್ಲಿ ನಿಂತವು.

“ಪಟ್ಟೆ ಬಿಟ್ಟಾಗ ಎತ್ರ ಎಷ್ಟ್?” ಗುಣಪಾಲ ಕೇಳಿದ.

“ಹದ್ನಾರ್ ಮೀಟರ್.” ಶೆಟ್ರು ಪರದೆ ನೋಡಿ ಓದಿದರು.

ಗುಣಪಾಲ ಮರವನ್ನು ಕೆಳಗಿನಿಂದ ತುದಿಯವರೆಗೆ ನೋಡಿದ. “ಮರ ಸಣ್ಣದೇನ್ ಅಲ್ಲ ಶೆಟ್ರೆ.”

ಕಾಯಿ ಕೊಯ್ಯುವವನನ್ನು ಕರೆಸಿ ಮರ ಹತ್ತಿಸಿದರು. ಮಡಲುಗಳ ನಡುವಿನಿಂದ ಮೊದಲು ಇಳಿದದ್ದು ಒಂದು ತುಂಡು ರೆಕ್ಕೆ. ಹೋದ ವರ್ಷ ಹದ್ದು ಕಿತ್ತುಕೊಂಡು ಹೋಯಿತು ಎಂದು ಶೆಟ್ರು ಹೇಳಿದ್ದ ರೆಕ್ಕೆ. ಗುಣಪಾಲ ಅದನ್ನು ತಿರುಗಿಸಿ ನೋಡಿ ಶೆಟ್ರ ಕೈಗೆ ಕೊಟ್ಟ. ಆಮೇಲೆ ಕೆಂಪು ಪಟ್ಟೆ ಬಂತು, ಇಬ್ಬನಿಗೆ ನೆನೆದು, ಅಂಚು ಸ್ವಲ್ಪ ಹರಿದು.

ಉಮಕ್ಕ ಅದನ್ನು ಕಣ್ಣಿಗೊತ್ತಿಕೊಂಡರು.

“ಶೆಟ್ರೆ, ನಾಳಿಂದ ಗದ್ದಿಗ್ ಉದ್ದ್ ಬಿತ್ತುಸ್ತೆ.”

“ಬಿತ್ತ್ಸಿ ಉಮಕ್ಕ,” ಎಂದರು ಶೆಟ್ರು. ಅವರ ಜೀವಮಾನದಲ್ಲಿ ಅಷ್ಟು ಸಣ್ಣ ಮಾತು ಅದೇ ಮೊದಲಿರಬೇಕು.

ಉಮಕ್ಕ ಒಳಗೆ ಹೋಗಿ ಕೈಕಾಲು ತೊಳೆದರು. ಅಬ್ಬಲಿಗೆಯ ಬುಟ್ಟಿಯನ್ನೂ ನೆನೆಸಿಟ್ಟ ಬಾಳೆನಾರನ್ನೂ ಎತ್ತಿಕೊಂಡು, ತೋಡಿನ ನೀರಿನ ಮೇಲಿನ ಸಂಕ ದಾಟಿ, ರಾಜೀವಿಯ ಜಗಲಿಗೆ ಬಂದರು. ಬುಟ್ಟಿಯನ್ನು ಅವಳ ಮಡಿಲಿಗೆ ಇಟ್ಟು, ತಾವು ಕೆಳಗಿನ ಮೆಟ್ಟಿಲಲ್ಲಿ ಕೂತರು.