ಮರಳಿನ ಚೀಲ

ನೇಸರಗಿಯ ಗರಡಿಗೆ ನಾನೇ ವಸ್ತಾದ, ಕುಸ್ತಿ ಕಲಿಸುವ ಗುರು. ಉಳುಕಿದ ಯಾವ ಕಾಲನ್ನೂ ಬಿಸಿ ಎಣ್ಣೆ ಹಾಕಿ ತಿಕ್ಕದೆ ಬಿಟ್ಟವನಲ್ಲ. ೧೯೯೮ರಲ್ಲಿ ನನ್ನ ಶಿಷ್ಯ ಕಾಡಪ್ಪನ ಮೊಣಕಾಲು ಊದಿಕೊಂಡಾಗಲೂ ಅದನ್ನೇ ಮಾಡಿದೆ. ನೋವಿಗೆ ಅವನು ಅತ್ತುಬಿಟ್ಟ. "ಪೈಲ್ವಾನ ಅಳ್ತಾನೇನಲೇ?" ಎಂದು ಬೈದು, ಮರುದಿನವೇ ಮೊಣಕಾಲು ಮಡಚಿ ಕೂತೇಳುವ ಬೈಠಕ್ ಹೊಡೆಸಿದೆ. ಆಮೇಲೆ ಅವನು ಗರಡಿಗೆ ಬರಲಿಲ್ಲ.

ತಿಂಗಳು ಕಳೆದ ಮೇಲೆ ಅವನ ಮನೆಗೆ ಹೋದೆ. ಕುರ್ಚಿಯಲ್ಲಿ ಕುಳಿತು, ಪಾದಕ್ಕೆ ಮರಳಿನ ಚೀಲ ಕಟ್ಟಿಕೊಂಡು, ಕಾಲನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದ. ನನ್ನನ್ನು ಕಂಡವನೇ ಕಾಲ ಮೇಲೆ ಕೌದಿ ಎಳೆದುಕೊಂಡ.

"ಯಾರು ಹೇಳಿಕೊಟ್ರಲೇ ಇದನ್ನ?"

ಅವನ ಹೆಂಡತಿ ಯಶೋಧಾ ಉತ್ತರಿಸಿದಳು: "ಬೆಳಗಾವಿ ಡಾಕ್ಟರ್ರೀ. ಆಪರೇಶನ್ ಬ್ಯಾಡ, ದಿನಾ ಇಷ್ಟ ಮಾಡಿದ್ರ ಸಾಕು ಅಂದಾರ. ಊದಿದ ಕಾಲು ತಿಕ್ಕಿದವ್ರು ಯಾರು ಅಂತ ಭಾಳ ಸಿಟ್ಟಿಗೆದ್ರರಿ."

ಕಾಡಪ್ಪ ಅವಳನ್ನು ಕಣ್ಣಲ್ಲೇ ಗದರಿದ.

ಮುಂದಿನ ವರ್ಷ ಸವದತ್ತಿಯಲ್ಲಿ ಕುಸ್ತಿ ಗೆದ್ದವನು ಎಲ್ಲರೆದುರು ನನ್ನ ಕಾಲು ಮುಟ್ಟಿದ. "ನಮ್ಮ ವಸ್ತಾದರ ಕೈಗುಣದಿಂದನ ಈ ಮೊಣಕಾಲು ಉಳೀತ್ರಿ" ಎಂದ. ಜನ ನನಗೆ ರುಮಾಲು ಸುತ್ತಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಎಂದುಕೊಂಡು ಅವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.